ಕನ್ಸಲ್ಟಿಂಗ್ ಕೆಲಸ ಬೇಗ ಬಿಟ್ಟರೆ ಮುಂದೇನು?



ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಒಂದು ಕಾಲಕ್ಕೆ ಮಕ್ಕಳ ಓದು ಎಂದರೆ ಎರಡೇ ದಾರಿ. ಒಂದು ಡಾಕ್ಟರ್, ಇಲ್ಲದಿದ್ದರೆ ಇಂಜಿನಿಯರ್. ಈಗ ಈ ಪಟ್ಟಿಗೆ ಮೂರನೆಯದೊಂದು ಸೇರಿಕೊಂಡಿದೆ: ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್. ಯಾರದೋ ಮಗಳಿಗೆ ಮೆಕಿನ್ಸಿ, ಬಿಸಿಜಿ, ಬೇನ್ ಅಥವಾ ಡೆಲಾಯ್ಟ್‌ನಂಥ ಕಡೆ ಕೆಲಸ ಸಿಕ್ಕಿತೆಂದರೆ, ಯುಗಾದಿ ಊಟದ ಪಂಕ್ತಿಯಲ್ಲಿ ಹೋಳಿಗೆ ಬರುವುದಕ್ಕೆ ಮೊದಲೇ ಆ ಸುದ್ದಿ ಎಲ್ಲರಿಗೂ ಬಡಿಸಿ ಆಗಿರುತ್ತದೆ! ಅದೇ ಮಗಳು ಹತ್ತೋ ಹದಿನಾಲ್ಕೋ ತಿಂಗಳಾದ ಮೇಲೆ "ಅಮ್ಮಾ, ನನಗೆ ಈ ಕೆಲಸ ಆಗ್ತಿಲ್ಲ, ಬಿಡ್ತೀನಿ" ಅಂದರೆ ಮಾತ್ರ ಆ ಸುದ್ದಿ ಮನೆಯ ಬಾಗಿಲು ದಾಟುವುದಿಲ್ಲ. ನಾಲ್ಕು ಜನ ಏನಂದಾರು ಎನ್ನುವ ಚಿಂತೆ ಮೊದಲು ಬರುತ್ತದೆ, ಮುಂದೇನು ಎನ್ನುವ ಪ್ರಶ್ನೆ ಆಮೇಲೆ.

ಹೀಗೆ ಮುಚ್ಚಿಟ್ಟುಕೊಳ್ಳುವುದರಿಂದ ಆಗುವ ನಷ್ಟ ಸಣ್ಣದಲ್ಲ. ಕೆಲಸ ಬಿಟ್ಟ ಮೊದಲ ಎರಡು ತಿಂಗಳಲ್ಲೇ ಇನ್ಶೂರೆನ್ಸ್, ಬೋನಸ್ ವಾಪಸಾತಿ, ವೀಸಾ ಇವುಗಳ ಗಡುವುಗಳೆಲ್ಲ ಬಂದುಹೋಗುತ್ತವೆ. ಕೇಳಿ ತಿಳಿಯಬೇಕಾದ ಹೊತ್ತಿನಲ್ಲಿ ಮೌನವಾಗಿದ್ದರೆ ಆಮೇಲೆ ಕೇಳಿ ಪ್ರಯೋಜನವಿಲ್ಲ. ನಾನು ಸಾಫ್ಟ್‌ವೇರ್ ಇಂಜಿನಿಯರ್, ಕನ್ಸಲ್ಟಿಂಗ್ ಮಾಡಿದವನಲ್ಲ. ಆದರೆ ಆ ಕಂಪನಿಗಳನ್ನು ಬಿಟ್ಟು ಬಂದವರ ಜೊತೆ ಕೆಲಸ ಮಾಡಿದ್ದೇನೆ, ಅಂಥವರನ್ನು ಇಂಟರ್‌ವ್ಯೂ ಕೂಡ ಮಾಡಿದ್ದೇನೆ. ಅದರಿಂದ ತಿಳಿದದ್ದನ್ನು ನಮ್ಮ ಮನೆಗಳ ಹುಡುಗ ಹುಡುಗಿಯರಿಗೂ ಅವರ ಅಪ್ಪ ಅಮ್ಮಂದಿರಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಈ ಕೆಲಸದಲ್ಲಿ ಏನಿದೆ?

ಮೆಕಿನ್ಸಿ 1926ರಲ್ಲಿ ಶುರುವಾದ ಕಂಪನಿ. ಬಿಸಿಜಿ 1963ರಲ್ಲಿ, ಬೇನ್ 1973ರಲ್ಲಿ ಹುಟ್ಟಿದವು. ದೊಡ್ಡ ಕಂಪನಿಗಳೂ ಸರ್ಕಾರಗಳೂ ತಮ್ಮ ಸಮಸ್ಯೆಗಳಿಗೆ ಸಲಹೆ ಕೇಳಿ ಇವರ ಬಳಿ ಬರುತ್ತವೆ. ಖರ್ಚು ಎಲ್ಲಿ ಕಡಿಮೆ ಮಾಡಬೇಕು, ಯಾವ ಮಾರುಕಟ್ಟೆಗೆ ಹೋಗಬೇಕು, ಎರಡು ಕಂಪನಿ ಒಂದಾದರೆ ಏನಾಗುತ್ತದೆ, ಇಂಥ ಪ್ರಶ್ನೆಗಳು. ಒಂದೊಂದು ಪ್ರಾಜೆಕ್ಟ್ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ನಡೆಯುತ್ತದೆ. ಕಾಲೇಜು ಮುಗಿಸಿ ನೇರವಾಗಿ ಸೇರಿದವರಿಗೆ ಎರಡು ಮೂರು ವರ್ಷದ ಅನಲಿಸ್ಟ್ ಕೆಲಸ, ಎಂಬಿಎ ಮುಗಿಸಿ ಬಂದವರಿಗೆ ಅದರ ಮೇಲಿನ ಮೆಟ್ಟಿಲು. ಇಷ್ಟು ಸಮಯದೊಳಗೆ ಮೇಲಕ್ಕೆ ಹೋಗಬೇಕು, ಇಲ್ಲದಿದ್ದರೆ ಹೊರಕ್ಕೆ ಹೋಗಬೇಕು ಎನ್ನುವುದು ಈ ಕಂಪನಿಗಳ ಹಳೆಯ ಪದ್ಧತಿ.

ಹಾಗಾಗಿ ಇಲ್ಲಿಂದ ಹೊರಗೆ ಬರುವುದು ಹೊಸ ವಿಷಯವೇ ಅಲ್ಲ. ಸೇರಿದವರಲ್ಲಿ ಪಾರ್ಟ್‌ನರ್ ಆಗುವವರು ಕೆಲವರೇ, ಉಳಿದವರೆಲ್ಲ ಒಂದಲ್ಲ ಒಂದು ದಿನ ಹೊರಡುವವರೇ. ಎರಡು ವರ್ಷಕ್ಕೆ ಹೊರಟರೆ ಅದನ್ನು ಸಹಜ ಎನ್ನುತ್ತಾರೆ, ಹತ್ತು ತಿಂಗಳಿಗೆ ಹೊರಟರೆ "ಯಾಕೆ?" ಎನ್ನುತ್ತಾರೆ. ವ್ಯತ್ಯಾಸ ಅಷ್ಟೇ. ಕಾರಣಗಳೂ ಹಲವು. ವಾರದಲ್ಲಿ ಮೂರು ನಾಲ್ಕು ದಿನ ಹೋಟೆಲ್ ವಾಸ, ರಾತ್ರಿ ಒಂದು ಗಂಟೆಯವರೆಗೆ ಸ್ಲೈಡು, ಆರೋಗ್ಯ, ಮದುವೆ, ಮಗು, ಊರಲ್ಲಿ ಹುಷಾರಿಲ್ಲದ ತಂದೆ ತಾಯಿ. ಕೆಲವರಿಗೆ ಕಂಪನಿಯವರೇ ಸೂಕ್ಷ್ಮವಾಗಿ "ಬೇರೆ ಕಡೆ ನೋಡಿಕೊಳ್ಳಿ" ಎಂದು ಹೇಳಿರುತ್ತಾರೆ. 2023ರಲ್ಲಿ ದೊಡ್ಡ ದೊಡ್ಡ ಕನ್ಸಲ್ಟಿಂಗ್ ಕಂಪನಿಗಳೇ ಜನರನ್ನು ಕಡಿಮೆ ಮಾಡಿದವು, ಆಫರ್ ಕೊಟ್ಟವರನ್ನೂ ತಡವಾಗಿ ಸೇರಿಸಿಕೊಂಡವು. ಆದ್ದರಿಂದ ಹೊರಗೆ ಬಂದ ಪ್ರತಿಯೊಬ್ಬರೂ ಸೋತು ಬಂದವರು ಎಂದು ತಿಳಿಯುವುದು ಸರಿಯಲ್ಲ.

ಬೇಗ ಬಿಟ್ಟವರ ಉದಾಹರಣೆ ಬೇಕೆಂದರೆ ದೂರ ಹೋಗಬೇಕಿಲ್ಲ. ಸುಂದರ್ ಪಿಚೈ 2002ರಲ್ಲಿ ವಾರ್ಟನ್ ಎಂಬಿಎ ಮುಗಿಸಿ ಮೆಕಿನ್ಸಿಯಲ್ಲಿ ಸ್ವಲ್ಪ ಕಾಲ ಇದ್ದು 2004ರಲ್ಲಿ ಗೂಗಲ್ ಸೇರಿದರು. ಬಾಬಿ ಜಿಂದಾಲ್ ಆಕ್ಸ್‌ಫರ್ಡ್‌ನಲ್ಲಿ ಓದು ಮುಗಿಸಿ ಮೆಕಿನ್ಸಿಗೆ ಹೋದವರು, 1996ರಲ್ಲಿ, ಇನ್ನೂ 24ರ ವಯಸ್ಸಿನಲ್ಲಿ, ಲೂಯಿಸಿಯಾನಾ ರಾಜ್ಯದ ಆರೋಗ್ಯ ಇಲಾಖೆಯ ಹೊಣೆ ಹೊತ್ತರು. ಶೆರಿಲ್ ಸ್ಯಾಂಡ್‌ಬರ್ಗ್ 1995ರಲ್ಲಿ ಎಂಬಿಎ ಮುಗಿಸಿ ಮೆಕಿನ್ಸಿಯಲ್ಲಿದ್ದದ್ದು ಸುಮಾರು ಒಂದು ವರ್ಷ, ಆಮೇಲೆ ಅಮೆರಿಕದ ಖಜಾನೆ ಇಲಾಖೆಗೆ ಹೋದರು. ಹಾಡುಗಾರ ಜಾನ್ ಲೆಜೆಂಡ್ ಕೂಡ ಕಾಲೇಜು ಮುಗಿಸಿ ಮೊದಲು ಕೆಲಸ ಮಾಡಿದ್ದು ಬಿಸಿಜಿಯಲ್ಲಿ! ಇವರೆಲ್ಲ ಹೆಸರು ಮಾಡಿದವರು, ನಮ್ಮ ಮಕ್ಕಳೂ ಹಾಗೇ ಆಗುತ್ತಾರೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಒಂದು ಮಾತು ಗಮನಿಸಿ. ಇವರಲ್ಲಿ ಒಬ್ಬೊಬ್ಬರು ಹೋದದ್ದು ಒಂದೊಂದು ಕಡೆಗೆ.

ಒಂದು ಕೆಲಸದೊಳಗೆ ನಾಲ್ಕು ಕೆಲಸ

ಯಾರಾದರೂ ಬಂದು "ಕನ್ಸಲ್ಟಿಂಗ್ ಬಿಟ್ಟೆ, ಮುಂದೆ ಯಾವ ಕೆಲಸಕ್ಕೆ ಅರ್ಜಿ ಹಾಕಲಿ?" ಎಂದು ಕೇಳಿದರೆ ನಾನು ಮರುಪ್ರಶ್ನೆ ಕೇಳುತ್ತೇನೆ: "ಆ ಕೆಲಸದಲ್ಲಿ ಯಾವ ಭಾಗವನ್ನು ಬಿಡಲು ಮನಸ್ಸಾಗಲಿಲ್ಲ?" ಏಕೆಂದರೆ ಕನ್ಸಲ್ಟಿಂಗ್ ಎನ್ನುವುದು ನಾಲ್ಕು ಕೆಲಸಗಳ ಚಿತ್ರಾನ್ನ. ಮೊದಲನೆಯದು ಲೆಕ್ಕ: ಅಂಕಿ ಅಂಶ ತರಿಸಿ, ಎಕ್ಸೆಲ್‌ನಲ್ಲಿ ಹಾಕಿ, ಅದರಿಂದ ಅರ್ಥ ತೆಗೆಯುವುದು. ಎರಡನೆಯದು ಜನ: ಮನಸ್ಸಿಲ್ಲದ ಮ್ಯಾನೇಜರನ್ನು ಒಪ್ಪಿಸುವುದು, ಮೀಟಿಂಗ್ ನಡೆಸುವುದು. ಮೂರನೆಯದು ಕಟ್ಟುವುದು: ದೊಡ್ಡ ಸಮಸ್ಯೆಯನ್ನು ತುಂಡು ಮಾಡಿ ಯಾರು, ಯಾವಾಗ, ಏನು ಮಾಡಬೇಕೆಂದು ಜೋಡಿಸುವುದು. ನಾಲ್ಕನೆಯದು ವಿಷಯ: ಆಸ್ಪತ್ರೆ, ಬ್ಯಾಂಕು, ವಿದ್ಯುತ್, ಶಾಲೆ ಹೀಗೆ ಯಾವುದಾದರೂ ಒಂದು ಕ್ಷೇತ್ರದ ಬಗ್ಗೆಯೇ ಹುಟ್ಟಿದ ಆಸಕ್ತಿ.

ಮುಂದೆ ಹೇಳುವ ಪ್ರತಿಯೊಂದು ದಾರಿಯಲ್ಲೂ ಈ ನಾಲ್ಕರಲ್ಲಿ ಒಂದೋ ಎರಡೋ ಮುಖ್ಯವಾಗಿರುತ್ತವೆ. ಹತ್ತು ತಿಂಗಳು ಮಾಡಿದವರಿಗೂ ನಾಲ್ಕರ ರುಚಿ ಸಿಕ್ಕಿರುತ್ತದೆ. ಯಾವುದು ಬೇಕು ಎಂದು ಖಚಿತವಾಗದೆ ಕೇವಲ ಸಂಬಳ, ಕಂಪನಿಯ ಹೆಸರು ನೋಡಿ ಹಾರಿದವರು ಇನ್ನೊಂದು ವರ್ಷಕ್ಕೆ ಅಲ್ಲಿಂದಲೂ ಹಾರಬೇಕಾಗುತ್ತದೆ. ಒಂದು ಸಲ ಬೇಗ ಬಿಟ್ಟರೆ ಯಾರೂ ದೊಡ್ಡದಾಗಿ ಎಣಿಸುವುದಿಲ್ಲ. ಎರಡು ಸಲವಾದರೆ ರೆಸ್ಯುಮೆ ನೋಡುವವರ ಹುಬ್ಬು ಮೇಲೇರುತ್ತದೆ.

ಯಾವ ಯಾವ ದಾರಿಗಳಿವೆ?

1. ಕಂಪನಿಯ ಒಳಗಿನ ಕೆಲಸ. ಬಹುಪಾಲು ಜನ ಹೋಗುವುದು ಇಲ್ಲಿಗೆ. ದೊಡ್ಡ ಕಂಪನಿಗಳಲ್ಲಿ ಸ್ಟ್ರಾಟೆಜಿ, ಆಪರೇಷನ್ಸ್, ಫೈನಾನ್ಸ್ ಪ್ಲಾನಿಂಗ್ ಎಂಬ ತಂಡಗಳಿರುತ್ತವೆ. ಕೆಲಸದ ರೀತಿ ಪರಿಚಿತ, ಪ್ರಯಾಣ ಕಡಿಮೆ. ಹೇಳಿದ ಸಲಹೆ ನಡೆಯಿತೋ ಇಲ್ಲವೋ ಎಂದು ನೋಡಲು ಅಲ್ಲೇ ಇರುತ್ತೀರಿ. ಸ್ಟ್ರಾಟೆಜಿ ತಂಡಕ್ಕಿಂತ ಆಪರೇಷನ್ಸ್ ಕಡೆಯ ಕೆಲಸವನ್ನು ನಾನು ಹೆಚ್ಚು ಇಷ್ಟಪಡುತ್ತೇನೆ. ಗೋದಾಮು, ಆಸ್ಪತ್ರೆ, ಕಾಲ್ ಸೆಂಟರ್ ಯಾವುದಾದರೂ ಸರಿ, ನಿಜವಾದ ಕೆಲಸ ನಡೆಯುವ ಜಾಗದಲ್ಲಿ ಎರಡು ವರ್ಷ ಇದ್ದವರಿಗೆ ಮುಂದೆ ಮಾತಾಡಲು ಗಟ್ಟಿ ನೆಲ ಸಿಗುತ್ತದೆ. ನೀವು ಪ್ರಾಜೆಕ್ಟ್ ಮಾಡಿದ ಕಂಪನಿಗೇ ಹೋಗುವ ಯೋಚನೆ ಇದ್ದರೆ ಮಾತ್ರ ಮೊದಲು ನಿಮ್ಮ ಕರಾರು ಪತ್ರ ಓದಿ. ಒಪ್ಪಿಗೆಯಿಲ್ಲದೆ ಗ್ರಾಹಕರ ಬಳಿ ಕೆಲಸಕ್ಕೆ ಸೇರಬಾರದೆಂಬ ಷರತ್ತು ಇರಬಹುದು.

2. ಸಾಫ್ಟ್‌ವೇರ್ ಕಂಪನಿಗಳಲ್ಲಿ ಪ್ರಾಡಕ್ಟ್ ಮ್ಯಾನೇಜರ್. ಏನು ಕಟ್ಟಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವ ಕೆಲಸ. ಹೊಸಬರನ್ನು ತೆಗೆದುಕೊಂಡು ತಯಾರು ಮಾಡುವ ಕಾರ್ಯಕ್ರಮಗಳೂ ಇವೆ. ಗೂಗಲ್‌ನಲ್ಲಿ ಇಂಥದ್ದು 2002ರಲ್ಲೇ ಶುರುವಾಯಿತು. ಇಂಜಿನಿಯರ್ ಆಗಿ ನನ್ನ ಅನುಭವ ಹೇಳುವುದಾದರೆ, ಕನ್ಸಲ್ಟಿಂಗ್‌ನಿಂದ ಬಂದವರು ಚೆನ್ನಾಗಿ ಬರೆಯುತ್ತಾರೆ, ಚೆನ್ನಾಗಿ ಮಾತಾಡುತ್ತಾರೆ. ಎಡವುವುದು ಒಂದೇ ಕಡೆ: ಮೂರು ವಾರಕ್ಕೆ ವರದಿ ಕೊಟ್ಟು ಮುಗಿಸುವ ಅಭ್ಯಾಸದವರಿಗೆ ಮೂರು ವರ್ಷ ಒಂದೇ ಪ್ರಾಡಕ್ಟಿನ ದೋಷಗಳ ಜೊತೆ ಬಾಳುವುದು ಬೇಸರ ತರುತ್ತದೆ. ಈ ದಾರಿ ಹಿಡಿಯುವವರು ಎಸ್‌ಕ್ಯೂಎಲ್ ಕಲಿಯಿರಿ. ಸಣ್ಣದಾದರೂ ಸರಿ, ಏನಾದರೊಂದನ್ನು ಸ್ವತಃ ಮಾಡಿ ತೋರಿಸಿ. ಇಂಟರ್‌ವ್ಯೂನಲ್ಲಿ ಹತ್ತು ಸ್ಲೈಡಿಗಿಂತ ಅದಕ್ಕೆ ಬೆಲೆ ಹೆಚ್ಚು.

3. ಸ್ಟಾರ್ಟಪ್. ಸ್ಥಾಪಕರ ಬಲಗೈಯಾಗಿ ಎಲ್ಲ ಕೆಲಸ ಮಾಡುವವರು ಬೇಕೆಂದಾಗ ಕನ್ಸಲ್ಟಿಂಗ್‌ನವರನ್ನು ಹುಡುಕುತ್ತಾರೆ. ಕಲಿಕೆ ಜಾಸ್ತಿ, ಸಂಬಳ ಕಡಿಮೆ, ಭರವಸೆ ಸ್ಟಾಕ್ ಆಪ್ಷನ್ ಮೇಲೆ. "ಹತ್ತು ಸಾವಿರ ಆಪ್ಷನ್ ಕೊಡುತ್ತೇವೆ" ಎಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಕಂಪನಿಯ ಒಟ್ಟು ಷೇರಿನಲ್ಲಿ ಅದು ಶೇಕಡಾ ಎಷ್ಟು ಎಂದು ಕೇಳಿ. ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕು ಎಂದೂ ಕೇಳಿ. ಸಾಮಾನ್ಯವಾಗಿ ಆಪ್ಷನ್ ಪೂರ್ತಿ ನಿಮ್ಮದಾಗಲು ನಾಲ್ಕು ವರ್ಷ ಬೇಕು, ಮೊದಲ ವರ್ಷ ತುಂಬುವ ತನಕ ಒಂದೂ ಸಿಗುವುದಿಲ್ಲ. ಕೆಲಸ ಬಿಟ್ಟರೆ ಅವನ್ನು ಕೊಳ್ಳಲು ಅನೇಕ ಕಡೆ 90 ದಿನ ಮಾತ್ರ ಅವಕಾಶ. ಇವೆಲ್ಲ ಸೇರುವ ಮೊದಲೇ ಕೇಳಬೇಕಾದ ಮಾತುಗಳು.

4. ಹಣಕಾಸಿನ ಕಡೆ. ಪ್ರೈವೇಟ್ ಇಕ್ವಿಟಿ, ವೆಂಚರ್ ಕ್ಯಾಪಿಟಲ್ ಎಂದರೆ ಎಲ್ಲರ ಕಣ್ಣು ಅರಳುತ್ತದೆ. ಆದರೆ ಈ ಬಾಗಿಲು ಬೇಗ ಬಿಟ್ಟವರಿಗೆ ಕಷ್ಟದ್ದು. ಅವರು ಎರಡು ವರ್ಷ ಪೂರೈಸಿದ ಅನಲಿಸ್ಟರನ್ನೇ ಹುಡುಕುತ್ತಾರೆ, ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್‌ನಿಂದ ಬಂದವರಿಗೆ ಮೊದಲ ಮಣೆ. ಇದೇ ಗುರಿ ಎಂದಾದರೆ ಇನ್ನಾರು ತಿಂಗಳು ಹಲ್ಲು ಕಚ್ಚಿ ಮುಗಿಸುವುದು ಒಳ್ಳೆಯದೇ ಎಂದು ಮನೆಯಲ್ಲಿ ಕೂತು ಲೆಕ್ಕ ಹಾಕಿ.

5. ತಾಂತ್ರಿಕ ಕೆಲಸಕ್ಕೆ ಮರಳುವುದು. ಇಂಜಿನಿಯರಿಂಗ್ ಓದಿ ಕನ್ಸಲ್ಟಿಂಗ್‌ಗೆ ಹೋದ ನಮ್ಮ ಮಕ್ಕಳು ಬಹಳ. ಲೆಕ್ಕದ ಭಾಗ ಇಷ್ಟವಾದವರಿಗೆ ಡೇಟಾ ಅನಲಿಸ್ಟ್, ಡೇಟಾ ಸೈನ್ಸ್ ಕೆಲಸಗಳಿವೆ. ಒಂದು ಎಚ್ಚರಿಕೆ: 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸ್ಲೈಡು ಮಾಡುವುದು, ವರದಿಯ ಸಾರಾಂಶ ಬರೆಯುವುದು ಇವು ಯಂತ್ರಕ್ಕೂ ಬರುತ್ತವೆ. ಆ ಕೌಶಲವನ್ನಷ್ಟೇ ನಂಬಿ ಕೂರಬೇಡಿ. ಬಂದ ಉತ್ತರ ಸರಿಯೋ ತಪ್ಪೋ ಎಂದು ಹಿಡಿಯುವಷ್ಟು ವಿಷಯ ತಿಳಿದವರಿಗೆ ಕೆಲಸ ಇದ್ದೇ ಇರುತ್ತದೆ.

6. ಮತ್ತೆ ಓದು. "ಹೇಗಿದ್ದರೂ ಬಿಟ್ಟಿದ್ದೀಯ, ಎಂಬಿಎ ಮಾಡು" ಎನ್ನುವುದು ನಮ್ಮ ಹಿರಿಯರ ಸಿದ್ಧ ಸಲಹೆ. ಒಳ್ಳೆಯ ಶಾಲೆಗಳಿಗೆ ಬರುವವರಿಗೆ ಸಾಮಾನ್ಯವಾಗಿ ನಾಲ್ಕೈದು ವರ್ಷದ ಅನುಭವವಿರುತ್ತದೆ, ಒಂದು ವರ್ಷದವರಿಗೆ ಅಲ್ಲಿ ಕಷ್ಟ. ಹೆಸರಾಂತ ಶಾಲೆಗಳಲ್ಲಿ ಫೀಸು ಮತ್ತು ವಾಸದ ಖರ್ಚು ಸೇರಿ ಎರಡು ವರ್ಷಕ್ಕೆ 2 ಲಕ್ಷ ಡಾಲರ್ ದಾಟುತ್ತದೆ. ಸಾಲದ ನಿಯಮವೂ ಬದಲಾಗಿದೆ. 2025ರ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಗ್ರ್ಯಾಡ್ ಪ್ಲಸ್ ಎಂಬ ಸರ್ಕಾರಿ ಸಾಲ ಇಲ್ಲ, ಉಳಿದ ಸರ್ಕಾರಿ ಸಾಲಕ್ಕೂ ಮಿತಿ ಇದೆ. ಜಿಮ್ಯಾಟ್, ಜಿಆರ್‌ಇ ಅಂಕಗಳು ಐದು ವರ್ಷ ಚಾಲ್ತಿಯಲ್ಲಿರುತ್ತವೆ. ಆದ್ದರಿಂದ ಬಿಡುವು ಸಿಕ್ಕಾಗ ಪರೀಕ್ಷೆ ಬರೆದಿಟ್ಟುಕೊಂಡು, ಎರಡು ವರ್ಷ ಬೇರೆ ಕೆಲಸ ಮಾಡಿ, ಆಮೇಲೆ ಅರ್ಜಿ ಹಾಕುವುದು ಜಾಣತನ. ಏನು ಮಾಡಬೇಕೆಂದು ತೋಚದೆ ಮಾಡುವ ಎಂಬಿಎ ಬಹಳ ದುಬಾರಿ ರಜೆಯಾಗುತ್ತದೆ.

7. ಸಮಾಜ ಸೇವಾ ಸಂಸ್ಥೆ ಮತ್ತು ಸರ್ಕಾರ. ವಿಷಯದ ಮೇಲೆ ಮನಸ್ಸಿರುವವರಿಗೆ ಇದು ನಿಜವಾದ ದಾರಿ. ಬೇನ್ ಕಂಪನಿಯ ನೆರವಿನಿಂದ 2000ದಲ್ಲಿ ಹುಟ್ಟಿದ ಬ್ರಿಜ್‌ಸ್ಪ್ಯಾನ್ ಎಂಬ ಸಂಸ್ಥೆ ಸೇವಾ ಸಂಸ್ಥೆಗಳಿಗೇ ಕನ್ಸಲ್ಟಿಂಗ್ ಮಾಡುತ್ತದೆ. ಆಸ್ಪತ್ರೆ, ವಿಶ್ವವಿದ್ಯಾಲಯ, ನಗರಾಡಳಿತಗಳಲ್ಲೂ ಇಂಥ ಕೆಲಸಗಳಿವೆ. ಸಂಬಳ ಕಡಿಮೆ, ನಿಜ. ಆದರೆ ಸರ್ಕಾರಿ ವಿದ್ಯಾರ್ಥಿ ಸಾಲ ಇರುವವರು ಇಂಥ ಕಡೆ ಪೂರ್ಣಾವಧಿ ಕೆಲಸ ಮಾಡುತ್ತಾ ನಿಯಮದಂತೆ 120 ತಿಂಗಳ ಕಂತು ಕಟ್ಟಿದರೆ ಉಳಿದ ಸಾಲ ಮಾಫಿಯಾಗುವ ಯೋಜನೆ ಇದೆ. ಕೆಲವು ಕಾಲ ಊರಿಗೆ ಹೋಗಿ ಕೆಲಸ ಮಾಡುವ ಆಸೆ ಇದ್ದವರಿಗೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಶನ್ ಇದೆ. ಅದು ಯಾದಗಿರಿ, ಕಲಬುರಗಿಯಂಥ ಜಿಲ್ಲೆಗಳಲ್ಲಿ ಸರ್ಕಾರಿ ಶಾಲೆಗಳೊಂದಿಗೆ ಕೆಲಸ ಮಾಡುತ್ತದೆ. ಕನ್ನಡ ಬರುವ ನಮ್ಮ ಮಕ್ಕಳಿಗೆ ಅಲ್ಲಿ ಮಾತೇ ಒಂದು ಬಂಡವಾಳ.

ರಾಜೀನಾಮೆಗೆ ಮುಂಚೆ ಒಂದು ಸಂಜೆಯ ಲೆಕ್ಕ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಇದೆಯಲ್ಲ, ಅದನ್ನು ನೆನಪಿಟ್ಟುಕೊಂಡು ಒಂದು ಕಾಗದದ ಮೇಲೆ ಲೆಕ್ಕ ಬರೆಯಿರಿ. ಬಾಡಿಗೆ, ಊಟ, ಕಾರು, ಸಾಲದ ಕಂತು, ಇನ್ಶೂರೆನ್ಸ್ ಎಲ್ಲ ಸೇರಿ ತಿಂಗಳಿಗೆ 4,000 ಡಾಲರ್ ಎಂದಿಟ್ಟುಕೊಳ್ಳಿ. ಆರು ತಿಂಗಳಿಗೆ 24,000 ಆಯಿತು. ಅಷ್ಟು ಕೈಯಲ್ಲಿದ್ದರೆ ಬಂದ ಮೊದಲ ಆಫರಿಗೇ ತಲೆಬಾಗಬೇಕಿಲ್ಲ. ಇಲ್ಲದಿದ್ದರೆ ಕೆಲಸದಲ್ಲಿದ್ದುಕೊಂಡೇ ಹುಡುಕಿ.

ಆಮೇಲೆ ಆಫರ್ ಲೆಟರ್ ಹೊರಗೆ ತೆಗೆಯಿರಿ. ಸೈನ್ ಆನ್ ಬೋನಸ್ ಮತ್ತು ಮನೆ ಬದಲಾಯಿಸಲು ಕೊಟ್ಟ ಹಣವನ್ನು ಒಂದು ವರ್ಷದೊಳಗೆ, ಕೆಲವು ಕಡೆ ಎರಡು ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಎಂದಿರುತ್ತದೆ. ವಾಪಸ್ ಕೊಡುವುದೇ ಆದರೆ ಪಡೆದ ಕ್ಯಾಲೆಂಡರ್ ವರ್ಷದೊಳಗೇ ಕೊಟ್ಟರೆ ತೆರಿಗೆ ಲೆಕ್ಕ ಸರಳ. ವರ್ಷ ದಾಟಿದರೆ ತೆರಿಗೆ ಹಿಡಿಯುವ ಮುಂಚಿನ ಮೊತ್ತವನ್ನೇ ಕೇಳಬಹುದು. ಕಂಪನಿಯೇ ಎಂಬಿಎ ಫೀಸು ಕಟ್ಟಿದ್ದರೆ ಈ ಷರತ್ತು ಇನ್ನೂ ಭಾರ. 401(ಕೆ)ಯಲ್ಲಿ ನೀವು ಹಾಕಿದ ಹಣ ಯಾವತ್ತೂ ನಿಮ್ಮದೇ, ಕಂಪನಿ ಹಾಕಿದ ಪಾಲು ನಿಮ್ಮದಾಗಲು ಇಂತಿಷ್ಟು ಅವಧಿ ಎಂದಿರಬಹುದು. ಬೋನಸ್ಸಿಗೆ, ವರ್ಷ ತುಂಬುವುದಕ್ಕೆ ಮೂರೇ ವಾರ ಉಳಿದಿರುವಾಗ ರಾಜೀನಾಮೆ ಕೊಟ್ಟರೆ ಸಾವಿರಾರು ಡಾಲರ್ ಕೈಬಿಟ್ಟ ಹಾಗೆ. 401(ಕೆ) ಹಣವನ್ನು ಮುರಿದು ತಿನ್ನಬೇಡಿ, ಆದಾಯ ತೆರಿಗೆಯ ಮೇಲೆ ಸಾಮಾನ್ಯವಾಗಿ ಶೇಕಡಾ 10 ದಂಡ ಬೀಳುತ್ತದೆ. ನೇರವಾಗಿ ಐಆರ್‌ಎಗೆ ವರ್ಗಾಯಿಸಬಹುದು.

ಹೆಲ್ತ್ ಇನ್ಶೂರೆನ್ಸ್ ಮರೆಯಬಾರದ ಇನ್ನೊಂದು. 26 ತುಂಬದ ಮಕ್ಕಳನ್ನು ಅಪ್ಪ ಅಮ್ಮನ ಪ್ಲಾನಿಗೆ ಸೇರಿಸಬಹುದು. ಆದರೆ ಹಳೆಯ ಇನ್ಶೂರೆನ್ಸ್ ನಿಂತ ಕೂಡಲೇ ನಿಮ್ಮ ಆಫೀಸಿನ ಎಚ್‌ಆರ್‌ಗೆ ತಿಳಿಸಿ, ಈ ಗಡುವು 30 ದಿನವಷ್ಟೇ ಇರಬಹುದು. ಉಳಿದವರಿಗೆ ಸರ್ಕಾರಿ ಮಾರ್ಕೆಟ್‌ಪ್ಲೇಸ್‌ನಲ್ಲಿ 60 ದಿನ ಅವಕಾಶ. 20 ಜನಕ್ಕಿಂತ ಕಡಿಮೆಯಿಲ್ಲದ ಕಂಪನಿಯಾದರೆ ಕೋಬ್ರಾ ಮೂಲಕ ಹಳೆಯ ಪ್ಲಾನನ್ನೇ 18 ತಿಂಗಳವರೆಗೆ ಮುಂದುವರಿಸಬಹುದು, ಪೂರ್ತಿ ಪ್ರೀಮಿಯಂ ನೀವೇ ಕಟ್ಟಬೇಕು. ಕೋಬ್ರಾ ಬೇಕೋ ಬೇಡವೋ ಎಂದು ಹೇಳಲು ಕನಿಷ್ಠ 60 ದಿನ ಸಮಯವಿದೆ. ಆ ಗಡುವಿನೊಳಗೆ ಆರಿಸಿಕೊಂಡು ಹಣ ಕಟ್ಟಿದರೆ ಹಿಂದಿನ ದಿನಾಂಕದಿಂದಲೇ ಜಾರಿಯಾಗುತ್ತದೆ.

ಕಂಪನಿಯೇ ಹೊರಡಿ ಎಂದಿದ್ದರೆ ಅಂದೇ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಕೆಲಸ ಹುಡುಕಲು ಕೆಲವು ವಾರ ಸಂಬಳ ಸಹಿತ ಸಮಯ, ಇನ್ಶೂರೆನ್ಸ್ ಮುಂದುವರಿಕೆ, ಹಳೆಯ ಉದ್ಯೋಗಿಗಳ ಬಳಗದ ಸದಸ್ಯತ್ವ, ಅನುಭವ ಪತ್ರ, ಇವನ್ನು ಕೇಳಿ ಪಡೆಯಬೇಕು. ಅನೇಕ ಕನ್ಸಲ್ಟಿಂಗ್ ಕಂಪನಿಗಳು ಕೊಡುತ್ತವೆ ಕೂಡ, ಏಕೆಂದರೆ ಇಂದು ಹೊರಟವರು ನಾಳೆ ಅವರ ಗ್ರಾಹಕರಾಗಬಹುದು. ಹೊರಡುವಾಗ ಗ್ರಾಹಕರ ಸ್ಲೈಡು, ಎಕ್ಸೆಲ್ ಯಾವುದನ್ನೂ ನಿಮ್ಮ ಸ್ವಂತ ಇಮೇಲಿಗೆ ಕಳಿಸಿಕೊಳ್ಳಬೇಡಿ.

ವೀಸಾದಲ್ಲಿರುವವರಿಗೆ

ಮೈಸೂರಿಂದಲೋ ಹುಬ್ಬಳ್ಳಿಯಿಂದಲೋ ಓದಲು ಬಂದು ಎಚ್-1ಬಿ ಮೇಲೆ ಕೆಲಸ ಮಾಡುವವರಿಗೆ ಈ ಲೆಕ್ಕವೇ ಬೇರೆ. 2017ರ ಜನವರಿಯಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಕೆಲಸ ನಿಂತ ಮೇಲೆ ಹೆಚ್ಚೆಂದರೆ 60 ದಿನ ಇಲ್ಲಿರಬಹುದು. ಅದಕ್ಕೂ ಮುಂಚೆ ಐ-94 ಅವಧಿ ಮುಗಿದರೆ ಅಷ್ಟೇ ದಿನ. ಆ ಅವಧಿಯಲ್ಲಿ ಹೊಸ ಕಂಪನಿ ಅರ್ಜಿ ಸಲ್ಲಿಸಿದರೆ ಸಲ್ಲಿಕೆಯಾದ ಕೂಡಲೇ ಅಲ್ಲಿ ಕೆಲಸ ಶುರು ಮಾಡಬಹುದು, ಸಾಮಾನ್ಯವಾಗಿ ಮತ್ತೆ ಲಾಟರಿ ಬೇಕಾಗುವುದಿಲ್ಲ. ಗಂಡ ಅಥವಾ ಹೆಂಡತಿ ಎಚ್-1ಬಿಯಲ್ಲಿದ್ದರೆ ಎಚ್-4ಕ್ಕೆ ಬದಲಾಯಿಸಲು ಅರ್ಜಿ ಹಾಕಬಹುದು. ಓದುವುದಾದರೆ ಎಫ್-1.

ಓಪಿಟಿಯಲ್ಲಿರುವವರಿಗೆ ಕೆಲಸವಿಲ್ಲದ ದಿನಗಳು ಒಟ್ಟು 90 ಮೀರಬಾರದು. ಸ್ಟೆಮ್ ವಿಸ್ತರಣೆ ಸಿಕ್ಕಿದವರಿಗೆ ಎಲ್ಲ ಸೇರಿ 150. ಕಂಪನಿ ಕೊಡುವ "ಕೆಲಸ ಹುಡುಕುವ ಸಮಯ" ಉದ್ಯೋಗದ ಅವಧಿಯೆಂದು ಪರಿಗಣನೆಯಾಗುತ್ತದೋ ಇಲ್ಲವೋ ಎಂಬುದನ್ನು ಇಮಿಗ್ರೇಶನ್ ವಕೀಲರನ್ನೇ ಕೇಳಿ. 2025ರ ಸೆಪ್ಟೆಂಬರ್‌ನಲ್ಲಿ ದೇಶದ ಹೊರಗಿರುವವರ ಹೊಸ ಎಚ್-1ಬಿ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕದ ಆದೇಶ ಹೊರಟಿತು. ಆದ್ದರಿಂದ "ನಾಲ್ಕು ದಿನ ಊರಿಗೆ ಹೋಗಿ ಬಂದು ಆಮೇಲೆ ಹುಡುಕೋಣ" ಎನ್ನುವ ಮುನ್ನ ವಕೀಲರ ಮಾತು ಕೇಳಲೇಬೇಕು. ಗೆಳೆಯರ ವಾಟ್ಸ್ಯಾಪ್ ಸಲಹೆ ಇಲ್ಲಿ ಸಾಲದು. ಒಟ್ಟಿನಲ್ಲಿ ಎಚ್-1ಬಿಯಲ್ಲಿರುವವರು ಮುಂದಿನ ಕೆಲಸದ ಆಫರ್ ಕೈಗೆ ಬಂದ ಮೇಲೆ ರಾಜೀನಾಮೆ ಕೊಡುವುದೇ ಲೇಸು.

"ಯಾಕೆ ಬಿಟ್ಟಿರಿ?"

ಈ ಪ್ರಶ್ನೆ ಎಲ್ಲ ಇಂಟರ್‌ವ್ಯೂನಲ್ಲೂ ಬರುತ್ತದೆ. ಉತ್ತರ ಮೂರು ವಾಕ್ಯ ಮೀರದಿರಲಿ, ನಿಜವಾಗಿರಲಿ. "ಹದಿಮೂರು ತಿಂಗಳಲ್ಲಿ ಮೂರು ಪ್ರಾಜೆಕ್ಟ್ ಮಾಡಿದೆ. ಆಸ್ಪತ್ರೆಯ ಪ್ರಾಜೆಕ್ಟಿನಲ್ಲಿ ನಮ್ಮ ಸಲಹೆ ಜಾರಿಯಾಗುವುದನ್ನು ನೋಡಲು ನಾನಿರಲಿಲ್ಲ. ಆ ಕೆಲಸವನ್ನೇ ಒಳಗಿದ್ದು ಮಾಡಬೇಕೆಂದು ಇಲ್ಲಿಗೆ ಬಂದೆ." ಇಷ್ಟು ಸಾಕು. ಹಳೆಯ ಕಂಪನಿಯನ್ನೂ ಮ್ಯಾನೇಜರನ್ನೂ ಬೈದರೆ ಕೇಳುವವರಿಗೆ ನಾಳೆ ತಮ್ಮ ಸರದಿ ಎಂದು ಅನಿಸುತ್ತದೆ. ಕೆಲಸ ಮಾಡಿದ ಹತ್ತು ತಿಂಗಳನ್ನು ರೆಸ್ಯುಮೆಯಿಂದ ಅಳಿಸುವುದೂ ಬೇಡ, ಹಿನ್ನೆಲೆ ತಪಾಸಣೆಯಲ್ಲಿ ಅದು ಸಿಕ್ಕೇ ಸಿಗುತ್ತದೆ. ಗ್ರಾಹಕರ ಹೆಸರು ಹೇಳದೆ, ಮಾಡಿದ ಕೆಲಸ ಏನು, ಅದರಿಂದ ಏನು ಬದಲಾಯಿತು ಎಂದು ಬರೆಯಿರಿ. ಒಳ್ಳೆಯ ಮಾತು ಹೇಳುವ ಒಬ್ಬ ಮ್ಯಾನೇಜರನ್ನಾದರೂ ಉಳಿಸಿಕೊಳ್ಳಿ.

ಮನೆಯವರಿಗೆ ಎರಡು ಮಾತು

ನಮ್ಮಲ್ಲಿ ಬಹಳ ಜನ ಎರಡು ಸೂಟ್‌ಕೇಸ್ ಹಿಡಿದು ಬಂದವರು. ಸಿಕ್ಕ ಕೆಲಸವನ್ನು ಬಿಡುವುದು ನಮಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಗ್ರೀನ್ ಕಾರ್ಡ್ ಬರುವ ತನಕ ಒಂದೇ ಕುರ್ಚಿಯಲ್ಲಿ ಕೂತವರು ನಾವು. ಮಕ್ಕಳು ಅದೇ ಲೆಕ್ಕದಲ್ಲಿ ಬದುಕಬೇಕೆಂದು ಬಯಸಿದರೆ ಅವರು ನಮ್ಮಿಂದ ವಿಷಯ ಮುಚ್ಚಿಡಲು ಕಲಿಯುತ್ತಾರೆ. ನಿದ್ದೆ ಬಾರದ, ಊಟ ಸೇರದ ಸ್ಥಿತಿಗೆ ಮಗ ಬಂದಿದ್ದರೆ ಬೋನಸ್ಸಿನ ಲೆಕ್ಕ ಪಕ್ಕಕ್ಕಿಟ್ಟು ಮೊದಲು ಡಾಕ್ಟರ ಬಳಿ ಹೋಗಬೇಕು. ಹಾಗಲ್ಲದೆ ಬರೀ ಬೇಸರವಾಗಿದ್ದರೆ, ಮೇಲಿನ ಲೆಕ್ಕವನ್ನು ಜೊತೆಗೆ ಕೂತು ಹಾಕಿ. ಆಗ ಹೊರಡುವುದು ಈಗಲೋ ಮೂರು ತಿಂಗಳ ಮೇಲೋ ಎಂಬುದು ತಾನೇ ಕಾಣುತ್ತದೆ. ತೀರ್ಮಾನ ಅವರದ್ದು, ಅಡುಗೆಮನೆಯ ಮೇಜು ಮಾತ್ರ ನಮ್ಮದು.

ಕೆಲಸವಿಲ್ಲದ ಆ ಕೆಲವು ತಿಂಗಳಲ್ಲಿ ಅವರನ್ನು ನಮ್ಮ ಸಂಘದ ಸೇವಾ ಕೆಲಸಕ್ಕೆ ಕರೆತನ್ನಿ ಎಂದು ನನ್ನ ಸಲಹೆ. ನಾವು ಸಂಗ್ರಹಿಸಿದ ಹಣ ಎಲ್ಲಿ ಹೋಯಿತು, ಯಾವ ಶಾಲೆಗೆ ಎಷ್ಟು ತಲುಪಿತು, ಮುಂದಿನ ವರ್ಷ ದಾನಿಗಳನ್ನು ಹೇಗೆ ತಲುಪಬೇಕು, ಇವೆಲ್ಲ ಅವರು ಕಲಿತು ಬಂದ ವಿದ್ಯೆಗೆ ತಕ್ಕ ಪ್ರಶ್ನೆಗಳೇ. ನಮ್ಮ ಸ್ವಯಂಸೇವಕರಿಗೆ ಭಾನುವಾರ ಮಧ್ಯಾಹ್ನ ಮಾತ್ರ ಬಿಡುವು, ಅವರಿಗೆ ವಾರವಿಡೀ ಇದೆ. ಆರು ವಾರದಲ್ಲಿ ಒಂದು ಒಳ್ಳೆಯ ಕೆಲಸ ಮುಗಿಸಿದರೆ ಅದನ್ನು ರೆಸ್ಯುಮೆಯಲ್ಲಿ ಹೆಮ್ಮೆಯಿಂದ ಬರೆದುಕೊಳ್ಳಬಹುದು. ಜೊತೆಗೆ, ನಮ್ಮ ಬಳಗದಲ್ಲಿ ಬೇರೆ ಬೇರೆ ಕಂಪನಿಗಳಲ್ಲಿರುವ ಹತ್ತಾರು ಹಿರಿಯರ ಪರಿಚಯವಾಗುತ್ತದೆ. ಕೆಲಸ ಸಿಗುವುದು ಹೆಚ್ಚಾಗಿ ಇಂಥ ಪರಿಚಯದಿಂದಲೇ.

ಮುಂದಿನ ಸಲ ಯಾರಾದರೂ ತಮ್ಮ ಮಗಳು ಕೆಲಸ ಬಿಟ್ಟಳು ಎಂದು ಹೇಳಿಕೊಂಡರೆ "ಅಯ್ಯೋ, ಯಾಕೆ?" ಎನ್ನುವ ಬದಲು "ಅವಳಿಗೆ ಯಾವ ಕೆಲಸ ಇಷ್ಟವಾಯಿತು?" ಎಂದು ಕೇಳಿ. ಬರುವ ಉತ್ತರಕ್ಕೆ ಹೊಂದುವವರು ನಿಮ್ಮ ಆಫೀಸಿನಲ್ಲಿ ಯಾರಾದರೂ ಇದ್ದರೆ ಅವರ ಫೋನ್ ನಂಬರ್ ಕೊಡಿ.